ಸೆಕೆಂಡಿಗೆ ಏಳೂವರೆ

ಅಪ್ಪನ ತಲೆಗೆ ನಿನ್ನೆಯಿಂದ ಎಣ್ಣೆ ಬಿದ್ದಿಲ್ಲ. ತಿಪಟೂರಿನವರಿಗೆ ಇದೂ ಒಂದು ಬಗೆಯ ಉಪವಾಸವೇ. ಆಸ್ಪತ್ರೆಯವರು ಕೊಟ್ಟ ಚೀಟಿ ನನ್ನ ಜೇಬಿನಲ್ಲಿದೆ: ಹಿಂದಿನ ದಿನ ಶಾಂಪೂ ಹಾಕಿ ತಲೆ ತೊಳೆಯಬೇಕು, ಎಣ್ಣೆ ಹಚ್ಚಬಾರದು, ತಿಂಡಿ ತಿಂದೇ ಬರಬೇಕು, ಕಾಫಿ ಟೀ ಕುಡಿಯಬಾರದು. ಆಟೋದಲ್ಲಿ ಬರುವಾಗ ಅಪ್ಪ ತಲೆ ಸವರಿಕೊಂಡು ಕೇಳಿದರು, "ಯಾಕೋ ತಲೆ ಒಣಗ್ದಂಗೈತಲ್ಲ, ಎಣ್ಣೆ ಹಚ್ಲಿಲ್ವಾ ಇವತ್ತು?" ಹೇಳಿದೆ. ಸಿಗ್ನಲ್ ದಾಟುವಷ್ಟರಲ್ಲಿ ಅದೇ ಪ್ರಶ್ನೆ. ಲಿಫ್ಟಿನಲ್ಲಿ ಇನ್ನೊಮ್ಮೆ. ಮೂರು ಸಲವೂ ಮೊದಲ ಸಲದ್ದೇ ಅಚ್ಚರಿ.

ಇಇಜಿ ಕೊಠಡಿ ಕಾರಿಡಾರಿನ ತುತ್ತತುದಿಗಿದೆ. ಬಾಗಿಲು ತಳ್ಳಿದರೆ ಏಸಿಯ ತಣ್ಣನೆ ಗಾಳಿ ಮುಖಕ್ಕೆ ಬಡಿಯುತ್ತದೆ, ಹಿಂದೆಯೇ ಸ್ಪಿರಿಟ್ಟಿನ ವಾಸನೆ. ಒಂದು ಕಬ್ಬಿಣದ ಮಂಚ, ತೆಳು ದಿಂಬು, ಗೋಡೆಗೊತ್ತಿ ಮೇಜು, ಅದರ ಮೇಲೆ ಕಂಪ್ಯೂಟರು. ಗೋಡೆಯ ಮೊಳೆಯಿಂದ ಬಣ್ಣಬಣ್ಣದ ವೈರುಗಳು ಜಡೆಯ ಹಾಗೆ ಇಳಿಬಿದ್ದಿವೆ. ಒಂದೊಂದರ ತುದಿಗೂ ಅಂಗಿಯ ಗುಂಡಿಯಷ್ಟು ದೊಡ್ಡ ಲೋಹದ ಬಟ್ಟಲು.

"ಬರ್ರಿ ಅಜ್ಜಾರ, ಕುಂದರ್ರಿ," ಎನ್ನುತ್ತಾಳೆ ಟೆಕ್ನೀಷಿಯನ್ ಹುಡುಗಿ.

ಅಪ್ಪನ ಮುಖ ಅರಳುತ್ತದೆ. "ಯಾವೂರವ್ವಾ ನಿಂದು?"

"ರಾಣೆಬೆನ್ನೂರ್ರಿ."

"ಐದು ಎಂಟು ಒಂದು, ಒಂದು ಒಂದು ಐದು," ಎನ್ನುತ್ತಾರೆ ಅಪ್ಪ, ಉಸಿರು ತೆಗೆದುಕೊಂಡಷ್ಟು ಸಲೀಸಾಗಿ.

ಹುಡುಗಿ ನನ್ನ ಮುಖ ನೋಡುತ್ತಾಳೆ. ಅವಳೂರಿನ ಪಿನ್ ಕೋಡ್ ಅದು, 581115. ಅಪ್ಪ ಆರ್‌ಎಂಎಸ್‌ನಲ್ಲಿ, ಅಂದರೆ ರೈಲ್ವೆ ಮೇಲ್ ಸರ್ವಿಸ್‌ನಲ್ಲಿ, ಸಾರ್ಟರ್ ಆಗಿದ್ದವರು. ದೇಶಕ್ಕೆ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅಪ್ಪ ಕೆಲಸಕ್ಕೆ ಸೇರಿದ್ದು ಮರುವರ್ಷ. ಹುಬ್ಬಳ್ಳಿ ಕಡೆಗೆ ಹೋಗುವ ರಾತ್ರಿ ಗಾಡಿಯ ಅಂಚೆ ಡಬ್ಬಿಯಲ್ಲಿ, ಗೂಡುಗೂಡಿನ ಕಪಾಟಿನ ಮುಂದೆ ಕಾಲು ಅಗಲಿಸಿ ನಿಂತು, ಗಾಡಿಯ ಓಲಾಟಕ್ಕೆ ತಾವೂ ಓಲಾಡುತ್ತ ಕಾಗದ ಎಸೆಯುತ್ತಿದ್ದರು. ಕಡೂರು, ಬೀರೂರು, ದಾವಣಗೆರೆ, ಹರಿಹರ, ಹಾವೇರಿ. ಊರು ಬರುವ ಮುಂಚೆ ಆ ಊರಿನ ಚೀಲ ಕಟ್ಟಿ ಅರಗಿನ ಮುದ್ರೆ ಒತ್ತಿರಬೇಕು. ಗೂಡು ತಪ್ಪಿದ ಕಾಗದ ತಾವು ನಿವೃತ್ತರಾದ ಮೇಲೂ ಕನಸಿನಲ್ಲಿ ಬರುತ್ತದೆ ಎಂದು ಒಮ್ಮೆ ಹೇಳಿದ್ದರು.

ಇದೇ ಮನುಷ್ಯ ಹೋದ ವಾರ ಡಾಕ್ಟರ್ ಮೇಡಂ ಎದುರು ಕೂತಿದ್ದರು. ಆಕೆ ಒಂದು ಹೆಸರು, ಮನೆ ನಂಬರು, ರಸ್ತೆ, ಊರು ಹೇಳಿ, "ನೆನಪಿಟ್ಟುಕೊಳ್ಳಿ, ಆಮೇಲೆ ಕೇಳ್ತೀನಿ," ಅಂದರು. ಮರೆವಿನ ಪರೀಕ್ಷೆಗಳಲ್ಲಿ ಇದು ಹಳೆಯ ಪಟ್ಟು. ಅಪ್ಪ ತಕ್ಷಣ, "ಪಿನ್ ಕೋಡಿಲ್ಲ ಮೇಡಂ, ವಿಳಾಸ ಅಪೂರ್ಣ," ಎಂದರು. ಎಲ್ಲರೂ ನಕ್ಕೆವು. ಗಡಿಯಾರದ ಚಿತ್ರ ಬರೆಸಿ, ನೂರರಿಂದ ಏಳೇಳು ಕಳೆಸಿ, ಮತ್ತೆ ವಿಳಾಸ ಕೇಳಿದಾಗ ಅಪ್ಪ ಆಕೆಯ ಮುಖವನ್ನೇ ನೋಡಿದರು. "ಯಾವ ವಿಳಾಸ?" ಜೀವಮಾನವಿಡೀ ವಿಳಾಸ ಓದಿಯೇ ಅನ್ನ ತಿಂದವರು.

ಆವತ್ತು ಬರೆದುಕೊಟ್ಟ ಪರೀಕ್ಷೆಗಳ ಪಟ್ಟಿಯಲ್ಲಿ ರಕ್ತದ ಬಿ12 ಇತ್ತು, ಥೈರಾಯ್ಡ್ ಇತ್ತು, ಎಂಆರ್‌ಐ ಇತ್ತು. ಕೊನೆಯಲ್ಲಿ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆ. ಅದು ಮೂರ್ಛೆರೋಗಕ್ಕೆ ಮಾಡುವ ಪರೀಕ್ಷೆಯೆಂದೇ ತಿಳಿದಿದ್ದೆ.

ಹುಡುಗಿ ಇಂಚುಟೇಪು ತೆಗೆಯುತ್ತಾಳೆ, ದರ್ಜಿಯ ಅಂಗಡಿಯಲ್ಲಿ ಇರುತ್ತದಲ್ಲ, ಅದೇ. ಮೂಗಿನ ಬುಡದ ತಗ್ಗಿನಿಂದ ನಡುನೆತ್ತಿ ಹಾದು ಹಿಂದಲೆಯ ಉಬ್ಬಿನವರೆಗೆ ಅಳೆಯುತ್ತಾಳೆ. ಮೂವತ್ತಾರು ಸೆಂಟಿಮೀಟರ್. ಅದರ ಶೇಕಡಾ ಹತ್ತಕ್ಕೆ ಒಂದು ಗುರುತು, ಆಮೇಲೆ ಶೇಕಡಾ ಇಪ್ಪತ್ತಕ್ಕೊಂದು. ಕಿವಿಯಿಂದ ಕಿವಿಗೂ ಹಾಗೇ. ಕೆಂಪು ಪೆನ್ಸಿಲ್ಲು ಅಪ್ಪನ ಬಿಳಿ ಕೂದಲಿನ ನಡುವೆ ಪುಟ್ಟ ಪುಟ್ಟ ಗುಣಾಕಾರದ ಚಿಹ್ನೆ ಹಾಕುತ್ತ ಹೋಗುತ್ತದೆ. ಲೋಕದ ಎಲ್ಲ ಇಇಜಿ ಕೊಠಡಿಗಳಲ್ಲೂ ಇದೇ ಲೆಕ್ಕ. ಮಾಂಟ್ರಿಯಾಲಿನ ಹರ್ಬರ್ಟ್ ಜಾಸ್ಪರ್ 1958ರಲ್ಲಿ ಪ್ರಕಟಿಸಿದ ಹತ್ತು-ಇಪ್ಪತ್ತರ ಪದ್ಧತಿ. ತಲೆ ದೊಡ್ಡದಿರಲಿ ಸಣ್ಣದಿರಲಿ, ಶೇಕಡಾವಾರು ಅಳೆದರೆ ಜಾಗ ತಪ್ಪುವುದಿಲ್ಲ. ಎಡಕ್ಕೆ ಬೆಸಸಂಖ್ಯೆ, ಬಲಕ್ಕೆ ಸಮಸಂಖ್ಯೆ, ನಡುಗೆರೆಗೆ ಸೊನ್ನೆಯ ಗುರುತು. ಇದೂ ಪಿನ್ ಕೋಡೇ ಅಲ್ಲವೆ, ಅಂದುಕೊಳ್ಳುತ್ತೇನೆ.

ಒಂದೊಂದು ಗುರುತಿನ ಮೇಲೂ ಮರಳು ಮರಳಾದ ಜೆಲ್ ಹಚ್ಚಿ ಉಜ್ಜುತ್ತಾಳೆ. ನಿನ್ನೆಯ ಶಾಂಪೂ ಬಿಟ್ಟುಹೋದ ಜಿಡ್ಡೂ ಸತ್ತ ಚರ್ಮವೂ ಹೋಗಬೇಕು. ಆಮೇಲೆ ಬೆಣ್ಣೆಯಂಥ ಪೇಸ್ಟು ತುಂಬಿದ ಬಟ್ಟಲನ್ನು ಒತ್ತಿ, ಮೇಲೊಂದು ಹತ್ತಿಯುಂಡೆ. ಅಪ್ಪ ಕಣ್ಣು ಮುಚ್ಚಿ ಸಹಿಸಿಕೊಳ್ಳುತ್ತಾರೆ, ಕ್ಷೌರದ ಅಂಗಡಿಯಲ್ಲಿ ಕೂತ ಹಾಗೆ. ಪರದೆಯ ಮೇಲೆ ತಲೆಯ ನಕ್ಷೆ. ಚರ್ಮಕ್ಕೆ ಸರಿಯಾಗಿ ಅಂಟಿದ ಕಡೆ ಹಸಿರು, ಅಂಟದ ಕಡೆ ಕೆಂಪು. ಐದು ಕಿಲೊ ಓಮ್‌ಗಿಂತ ಕೆಳಗೆ ಬರುವವರೆಗೆ ಅವಳು ಬಿಡುವುದಿಲ್ಲ. ಹಿಂದಲೆಯ ಒಂದು ಬಟ್ಟಲು ಹಠ ಹಿಡಿದಿದೆ. ತೆಗೆದು, ಉಜ್ಜಿ, ಮತ್ತೆ ಒತ್ತುತ್ತಾಳೆ. ಹಸಿರು.

ಅಷ್ಟು ಹಠ ಯಾಕೆಂದರೆ ಹಿಡಿಯಬೇಕಾದದ್ದು ಅಷ್ಟು ಸಣ್ಣದು. ತಲೆಯ ಮೇಲೆ ಸಿಗುವ ಅಲೆಯ ಎತ್ತರ ಐವತ್ತು ಮೈಕ್ರೊವೋಲ್ಟ್ ಇದ್ದರೆ ಹೆಚ್ಚು. ಟೀವಿ ರಿಮೋಟಿನ ಒಂದು ಸೆಲ್ಲಿನ ಮೂವತ್ತು ಸಾವಿರದಲ್ಲಿ ಒಂದು ಪಾಲು. ಅದೂ ಮಿದುಳಿನಿಂದ ನೇರವಾಗಿ ಬಂದದ್ದಲ್ಲ, ತಲೆಬುರುಡೆ ದಾಟಿ ಬಂದ ಪಿಸುಮಾತು. ನನ್ನ ಮೊಬೈಲನ್ನೂ ಬಂದ್ ಮಾಡಿಸುತ್ತಾಳೆ. "ನಿದ್ದಿ ಗುಳಿಗಿ ತಗೋತಾರೇನ್ರಿ?" ಎಂದು ಮೆಲ್ಲಗೆ ಕೇಳುತ್ತಾಳೆ. ಇಲ್ಲವೆನ್ನುತ್ತೇನೆ. ಎಷ್ಟೋ ಮನೆಗಳಲ್ಲಿ ಹಿರಿಯರು ರಾತ್ರಿ ಅರ್ಧ ಮಾತ್ರೆ ಆಲ್ಪ್ರಜೋಲಾಂ ನುಂಗುತ್ತಾರೆ, ಮನೆಯವರಿಗೆ ಅದು ಔಷಧಿಯೆಂಬ ನೆನಪೂ ಇರುವುದಿಲ್ಲ. ಆದರೆ ಅಲೆಗೆ ಅದು ಗೊತ್ತು: ಬೀಟಾ ಎನ್ನುವ ಚುರುಕು ಗೀರುಗಳು ಪರದೆಯ ತುಂಬ ಎದ್ದುಬಿಡುತ್ತವೆ.

ಬನ್ನಿ, ಈ ಸ್ಟೂಲಿನ ಮೇಲೆ ನನ್ನ ಪಕ್ಕ ಕೂತು ನೀವೂ ನೋಡಿ. ಪರದೆಯಲ್ಲಿ ಎಡದಿಂದ ಬಲಕ್ಕೆ ಇಪ್ಪತ್ತು ಚಿಲ್ಲರೆ ಗೆರೆಗಳು. ಲಂಬವಾಗಿ ತೆಳ್ಳನೆಯ ಗೀಟುಗಳು, ಒಂದರಿಂದ ಇನ್ನೊಂದಕ್ಕೆ ಒಂದು ಸೆಕೆಂಡು. ಅಪ್ಪ ಕಣ್ಣು ತೆರೆದಿದ್ದಾರೆ. ಗೆರೆಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ, ಸಣ್ಣ ನಡುಕ ಅಷ್ಟೆ. ರೆಪ್ಪೆ ಬಡಿದಾಗ ಮೇಲಿನ ಸಾಲುಗಳಲ್ಲಿ ದೊಡ್ಡ ಗುಡ್ಡ ಏಳುತ್ತದೆ. ಹಲ್ಲು ಕಚ್ಚಿದಾಗ ಕಪ್ಪು ಮಸಿ ಚೆಲ್ಲಿದ ಹಾಗೆ. ಮಿದುಳಿಗೂ ಅದಕ್ಕೂ ಸಂಬಂಧವಿಲ್ಲ, ಕಣ್ಣು ಮತ್ತು ದವಡೆಯ ಸ್ನಾಯುವಿನ ಗಲಾಟೆ.

"ಅಜ್ಜಾರ, ಕಣ್ಣ ಮುಚ್ಚ್ರಿ. ನಿದ್ದಿ ಮಾಡಬ್ಯಾಡ್ರಿ ಮತ್ತ."

"ಡ್ಯೂಟಿ ಮೇಲೆ ನಿದ್ದೆ ಮಾಡೋನಲ್ಲ ಕಣವ್ವಾ."

ಮುಚ್ಚುತ್ತಾರೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕೆಳಗಿನ ಸಾಲುಗಳಲ್ಲಿ, ಹಿಂದಲೆಗೆ ಸೇರಿದ ಗೆರೆಗಳಲ್ಲಿ, ಅಲೆಗಳು ಒಂದರ ಹಿಂದೊಂದು ಸಾಲುಗಟ್ಟಿ ಏಳುತ್ತವೆ. ಸಮವಾಗಿ, ದುಂಡಗೆ, ಬಾಚಣಿಗೆಯ ಹಲ್ಲಿನ ಹಾಗೆ. ಯಾರೂ ಹೇಳಿಕೊಡದಿದ್ದರೂ ಕಣ್ಣು ಅಲ್ಲೇ ನಿಲ್ಲುತ್ತದೆ. ನೋಡುವ ಕೆಲಸ ನಿಂತೊಡನೆ ಮಿದುಳಿನ ಹಿಂಭಾಗ ಹೀಗೆ ತಾಳ ಹಾಕತೊಡಗುತ್ತದೆ. ಆಲ್ಫಾ ಎಂದು ಅದರ ಹೆಸರು. ಕಣ್ಣು ತೆರೆದರೆ ಮತ್ತೆ ಮಾಯ. ಹುಡುಗಿ ಎರಡು ಸಲ ತೆಗೆಸಿ ಮುಚ್ಚಿಸಿ ತೋರಿಸುತ್ತಾಳೆ.

ನಾನು ಎಣಿಸುತ್ತೇನೆ. ಎರಡು ಗೀಟುಗಳ ನಡುವೆ ಏಳು ತುದಿ. ಮುಂದಿನ ಸೆಕೆಂಡಿನಲ್ಲಿ ಎಂಟು. ಅದರ ಮುಂದೆ ಏಳು. ಮತ್ತೆ ಎಂಟು. ಏಳೂವರೆ.

"ಎಷ್ಟಿರಬೇಕು?" ಎನ್ನುತ್ತೇನೆ. ಅವಳು ಪರದೆಯಿಂದ ಕಣ್ಣು ತೆಗೆಯುವುದಿಲ್ಲ. "ಡಾಕ್ಟ್ರು ಹೇಳ್ತಾರ್ರಿ."

ಉತ್ತರ ಆಮೇಲೆ ಸಿಕ್ಕಿತು. ಎಚ್ಚರವಾಗಿರುವ ಆರೋಗ್ಯವಂತ ವಯಸ್ಕರಲ್ಲಿ ಈ ತಾಳ ಸಾಮಾನ್ಯವಾಗಿ ಸೆಕೆಂಡಿಗೆ ಒಂಬತ್ತು, ಹತ್ತು. ವಯಸ್ಸಾದಂತೆ ತುಸು ಇಳಿಯುತ್ತದೆ, ಆದರೂ ಎಂಟರ ಮೇಲೇ ಉಳಿಯಬೇಕು. ಎಂಟರಿಂದ ಕೆಳಗೆ ನಾಲ್ಕರವರೆಗೆ ಥೀಟಾ, ಅದಕ್ಕೂ ಕೆಳಗೆ ಡೆಲ್ಟಾ. ಆಲ್ಝೈಮರ್ ಬೆಳೆಯುವ ಮಿದುಳಿನಲ್ಲಿ ಮೊದಲು ಥೀಟಾ ಹೆಚ್ಚುತ್ತದೆ, ಆಲ್ಫಾ ಸೊರಗಿ ನಿಧಾನವಾಗುತ್ತದೆ, ಕಾಯಿಲೆ ಬಲಿತ ಮೇಲೆ ಡೆಲ್ಟಾ ತಲೆಯೆತ್ತುತ್ತದೆ. ಲೂಯಿ ಬಾಡಿ ಎನ್ನುವ ಇನ್ನೊಂದು ಮರೆವಿನ ಕಾಯಿಲೆಯಲ್ಲಿ ಈ ನಿಧಾನ ಇನ್ನೂ ಬೇಗ ಕಾಣುತ್ತದೆ, ಗಳಿಗೆಗೊಂದು ವೇಗಕ್ಕೆ ಹೊಯ್ದಾಡುತ್ತದೆ. 2017ರಲ್ಲಿ ಪರಿಷ್ಕರಿಸಿದ ಅದರ ರೋಗನಿರ್ಣಯದ ಸೂತ್ರಗಳಲ್ಲಿ ಇಇಜಿಗೂ ಒಂದು ಜಾಗವಿದೆ.

ನಿಧಾನ ಯಾಕಾಗುತ್ತದೆ? ಮಿದುಳಿನ ಬುಡದಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಮೇಲಕ್ಕೆ ಹಂಚುವ ನರಕೋಶಗಳ ಒಂದು ಗುಂಪಿದೆ. ಆಲ್ಝೈಮರ್ ಬೇಗನೆ ಕೈಯಿಡುವ ಜಾಗಗಳಲ್ಲಿ ಅದೂ ಒಂದು. ಹಂಚುವವರು ಕಡಿಮೆಯಾದರೆ ಮೇಲಿನ ತಾಳ ಜಗ್ಗುತ್ತದೆ. ಮರೆವಿಗೆ ಬರೆದುಕೊಡುವ ಡೊನೆಪೆಜಿಲ್ ಮಾತ್ರೆ ಇದೇ ರಾಸಾಯನಿಕ ಬೇಗ ಕರಗಿಹೋಗದಂತೆ ತಡೆಯುತ್ತದೆ. ಅದನ್ನೇ ಅಡ್ಡಗಟ್ಟುವ ಕೆಲವು ಅಲರ್ಜಿ ಮಾತ್ರೆ, ಮೂತ್ರದ ಅವಸರಕ್ಕೆ ಕೊಡುವ ಮಾತ್ರೆಗಳು ಕಾಯಿಲೆಯೇ ಇಲ್ಲದವರ ಅಲೆಯನ್ನೂ ನಿಧಾನ ಮಾಡಬಲ್ಲವು. ಮನೆಯ ಔಷಧಿ ಡಬ್ಬಿಯನ್ನು ಇಡಿಯಾಗಿ ಆಸ್ಪತ್ರೆಗೆ ಒಯ್ಯುವುದು ಅದಕ್ಕೇ ಒಳ್ಳೆಯದು.

ಪರದೆಯಲ್ಲಿ ಏನೋ ಬದಲಾಗುತ್ತಿದೆ. ಬಾಚಣಿಗೆಯ ಹಲ್ಲುಗಳು ಉದುರುತ್ತಿವೆ. ಮುಂದಲೆಯ ಸಾಲುಗಳಲ್ಲಿ ಉದ್ದನೆಯ, ಸೋಮಾರಿ ಏರಿಳಿತ. ಅಪ್ಪನ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಅತ್ತಿತ್ತ ತೇಲುತ್ತಿದೆ. ಎಲ್ಲೆಡೆ ನಿಧಾನದ ಅಲೆ, ಸೆಕೆಂಡಿಗೆ ಐದೋ ಆರೋ. ನನ್ನ ಎದೆ ಧಸಕ್ಕೆನ್ನುತ್ತದೆ.

"ಅಜ್ಜಾರ! ದಾವಣಗೆರೆ ಪಿನ್ ಕೋಡ್ ಎಷ್ಟ್ರಿ?"

"ಆಂ? ಐದು ಏಳು ಏಳು, ಸೊನ್ನೆ ಸೊನ್ನೆ ಎರಡು."

ಅಲೆಗಳು ತಟ್ಟನೆ ಎದ್ದು ಕೂರುತ್ತವೆ. ಮತ್ತೆ ಏಳೂವರೆ. ಹುಡುಗಿ ನಗುತ್ತ ಕೀಲಿಮಣೆಯಲ್ಲಿ 'ತೂಕಡಿಕೆ' ಎಂದು ಗುರುತು ಹಾಕುತ್ತಾಳೆ.

ಇಡೀ ಪರೀಕ್ಷೆಯ ಸೂಕ್ಷ್ಮ ಇರುವುದು ಇಲ್ಲೇ, ಈ ಹುಡುಗಿಯ ಕಣ್ಣಿನಲ್ಲಿ. ತೂಕಡಿಸುವ ಯಾವ ಮಿದುಳೇ ಆಗಲಿ, ಇಪ್ಪತ್ತರದ್ದಾಗಲಿ ಎಪ್ಪತ್ತರದ್ದಾಗಲಿ, ಆಲ್ಫಾ ಬಿಟ್ಟು ಥೀಟಾಕ್ಕೆ ಜಾರುತ್ತದೆ. ಕತ್ತಲೆ ಕೋಣೆ, ತಣ್ಣನೆ ಏಸಿ, ತಿಂಡಿ ತಿಂದ ಹೊಟ್ಟೆ, ಕಾಫಿಯಿಲ್ಲ. ನಿದ್ದೆ ಬಾರದೆ ಇನ್ನೇನು? ಆ ಹೊತ್ತಿನ ಹಾಳೆಯನ್ನೇ ಹಿಡಿದು ಓದಿದರೆ ಗಟ್ಟಿಮುಟ್ಟಾದವರಿಗೂ ಮರೆವಿನ ಪಟ್ಟ ಕಟ್ಟಬಹುದು. ಕಂಪ್ಯೂಟರಿನ ಲೆಕ್ಕ ಎಷ್ಟೇ ಚುರುಕಾಗಿರಲಿ, ದಾವಣಗೆರೆಯ ಪಿನ್ ಕೋಡ್ ಕೇಳಲು ಒಬ್ಬರು ಬೇಕು.

ಅಪ್ಪ ತಾಳ ಹಾಕುತ್ತಿದ್ದಾರೆ. ನಾನು ಯೇನಾ ಎಂಬ ಜರ್ಮನ್ ಊರಿನ ಬಗ್ಗೆ ಯೋಚಿಸುತ್ತೇನೆ. ಅಲ್ಲಿ ಮುಂದೆ ಮನೋವೈದ್ಯರಾದ ಹಾನ್ಸ್ ಬರ್ಗರ್ ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು ಸಾವಿನಿಂದ ಪಾರಾದರು. ಅದೇ ದಿನ ದೂರದ ಊರಿನಲ್ಲಿದ್ದ ಸೋದರಿಗೆ ಇವರಿಗೇನೋ ಆಗಿದೆ ಎನ್ನಿಸಿ ಮನೆಯಿಂದ ತಂತಿ ಬಂತಂತೆ. ಮನಸ್ಸಿನಿಂದ ಮನಸ್ಸಿಗೆ ಹೋದದ್ದು ಏನೆಂದು ಹುಡುಕಿಯೇ ಬರ್ಗರ್ ಆಯಸ್ಸು ಕಳೆದರು. ಅದು ಸಿಗಲಿಲ್ಲ. 1924ರಲ್ಲಿ, ಶಸ್ತ್ರಚಿಕಿತ್ಸೆಯಿಂದ ತಲೆಬುರುಡೆಯ ಒಂದು ಚೂರು ಇಲ್ಲವಾಗಿದ್ದ ಹದಿನೇಳರ ಹುಡುಗನ ತಲೆಯ ಮೇಲೆ ಸಿಕ್ಕಿದ್ದು ಈ ಅಲೆ. ಮಗ ಕ್ಲೌಸ್‌ನ ತಲೆಗೂ ತಂತಿ ಕಟ್ಟಿ ನೋಡಿದರು. ನಂಬಿಕೆ ಸಾಲದೆ ಐದು ವರ್ಷ ಸುಮ್ಮನಿದ್ದು 1929ರಲ್ಲಿ ಪ್ರಕಟಿಸಿದರು. ಆಗಲೂ ಹೆಚ್ಚಿನವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ತಾವೂ ಮಾಡಿ ನೋಡಿ ಹೌದೆಂದ ಮೇಲೆ ನಂಬಿದರು. ಆಲ್ಝೈಮರ್ ರೋಗಿಗಳ ಅಲೆ ಬೇರೆ ಥರ ಇರುತ್ತದೆಂಬುದನ್ನು ಬರ್ಗರ್ 1930ರ ದಶಕದ ಆರಂಭದಲ್ಲೇ ಬರೆದಿಟ್ಟಿದ್ದರು. ತೊಂಬತ್ತು ವರ್ಷದ ಹಳೆಯ ಸುದ್ದಿ ಇದು, ನನಗೆ ಈ ವಾರ ತಲುಪಿತು.

ಈಗ ಮಿಂಚುದೀಪ. ಅಪ್ಪನ ಮುಖದೆದುರು ಒಂದು ಲ್ಯಾಂಪ್ ತಂದು ನಿಲ್ಲಿಸಿ ಬೇರೆ ಬೇರೆ ವೇಗದಲ್ಲಿ ಮಿನುಗಿಸುತ್ತಾಳೆ. "ಸುರಂಗ ದಾಟ್ದಂಗೈತೆ," ಎನ್ನುತ್ತಾರೆ ಅಪ್ಪ ಕಣ್ಣು ಮುಚ್ಚಿಕೊಂಡೇ. ಜೋರಾಗಿ ಉಸಿರಾಡಿಸುವ ಇನ್ನೊಂದು ಪರೀಕ್ಷೆಯನ್ನು ಅವರ ವಯಸ್ಸು ನೋಡಿ ಬಿಟ್ಟುಬಿಡುತ್ತಾಳೆ.

ಬೆಳಕು ಮಿನುಗುವುದನ್ನು ನೋಡುವಾಗ ಭಾವನವರು ವಾಟ್ಸ್ಆಪಿನಲ್ಲಿ ಕಳಿಸಿದ ವಿಡಿಯೊ ನೆನಪಾಗುತ್ತದೆ: ಸೆಕೆಂಡಿಗೆ ನಲವತ್ತು ಸಲ ಮಿನುಗುವ ದೀಪ ನೋಡಿದರೆ ಮರೆವು ಹೋಗುತ್ತದಂತೆ. ಅದರ ಬೇರು ನಿಜವಾದದ್ದೇ. 2016ರಲ್ಲಿ ಎಂಐಟಿಯ ಲಿ-ಹ್ವೇ ತ್ಸಾಯ್ ಅವರ ತಂಡ ಇಲಿಗಳ ಮೇಲೆ ಹಾಗೆ ಮಾಡಿ, ಆಲ್ಝೈಮರ್‌ನ ಅಮಿಲಾಯ್ಡ್ ಕಡಿಮೆಯಾಯಿತು ಎಂದಿತು. 2023ರಲ್ಲಿ ನ್ಯೂಯಾರ್ಕಿನ ಬುಜಾಕಿ ಅವರ ಪ್ರಯೋಗಾಲಯ ಅದನ್ನೇ ಮಾಡಿದಾಗ ಹಾಗಾಗಲಿಲ್ಲ. ದೀಪ ಮಾರುವವರು ಎರಡನೆಯದನ್ನು ಹೇಳುವುದಿಲ್ಲ.

ನಲವತ್ತರ ಆಸುಪಾಸಿನ ಈ ಚುರುಕು ಅಲೆ, ಗ್ಯಾಮಾ, ನಮ್ಮ ಬೆಂಗಳೂರಿನಲ್ಲೇ ಒಂದು ಸ್ವಾರಸ್ಯದ ಕಥೆಯಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಪ್ರತಿಮ್ ರೇ ಅವರ ತಂಡ ಐವತ್ತು ದಾಟಿದ 244 ಜನರ ಇಇಜಿ ತೆಗೆಯಿತು. ಕೂತವರ ಮುಂದೆ ಪರದೆಯ ತುಂಬ ಕಪ್ಪು ಬಿಳಿ ಪಟ್ಟೆ, ಒಂದು ಸೆಕೆಂಡಿಗೂ ಕಡಿಮೆ ಹೊತ್ತು ಬಂದು ಮರೆಯಾಗುತ್ತದೆ; ಮತ್ತೆ ಬರುತ್ತದೆ. ನಡುವಿನ ಚುಕ್ಕಿ ನೋಡುತ್ತ ಕೂರಬೇಕು, ಅಷ್ಟೆ. ಪಟ್ಟೆ ಕಂಡಾಗ ಮಿದುಳಿನ ಹಿಂಭಾಗದಲ್ಲಿ ಗ್ಯಾಮಾ ಏಳುತ್ತದೆ. ಅವರಲ್ಲಿ 227 ಜನ ಆರೋಗ್ಯವಂತರು, 12 ಜನರಿಗೆ ಮರೆವಿನ ಮೊದಲ ಮೆಟ್ಟಿಲು, ಐವರಿಗೆ ಆಲ್ಝೈಮರ್. ಅದೇ ವಯಸ್ಸಿನ ಆರೋಗ್ಯವಂತರಿಗೆ ಹೋಲಿಸಿದರೆ ಆ ಹದಿನೇಳು ಜನರಲ್ಲಿ ಗ್ಯಾಮಾ ಸೊರಗಿತ್ತು. ಆಲ್ಫಾದಲ್ಲಿ ಮಾತ್ರ ವ್ಯತ್ಯಾಸ ಸಿಗಲಿಲ್ಲ. 2021ರಲ್ಲಿ ಪ್ರಕಟವಾಯಿತು. ನನ್ನ ಲೆಕ್ಕದಲ್ಲಿ ಹದಿನೇಳು ಬಹಳ ಸಣ್ಣ ಸಂಖ್ಯೆ, ಗುಂಪಿನ ಸರಾಸರಿಯಿಂದ ಒಬ್ಬ ಅಪ್ಪನ ಜಾತಕ ಬರೆಯಲಾಗದು. ಗ್ಯಾಮಾ ಹಿಡಿಯುವುದೂ ಕಷ್ಟ: ನಮ್ಮ ಮನೆಯ ಕರೆಂಟು ಗುಂಯ್ ಎನ್ನುವುದು ಸೆಕೆಂಡಿಗೆ ಐವತ್ತು ಸಲ, ಸರಿಯಾಗಿ ಅದೇ ದಾರಿಯಲ್ಲಿ. ಆದರೂ ಅಲೆ ಸುಮ್ಮನೆ ಕೂತಾಗ ಹೇಳದ್ದನ್ನು ಒಂದು ಕೆಲಸ ಕೊಟ್ಟಾಗ ಹೇಳುತ್ತದೆ ಎಂಬ ಉಪಾಯ ನನಗೆ ಹಿಡಿಸಿತು. ಅಪ್ಪನ ಗೂಡುಗಳ ಮುಂದೆ ಅವರನ್ನು ನಿಲ್ಲಿಸಿ ಅಳೆದರೆ?

ಮುಗಿಯಿತು. ಹುಡುಗಿ ಬಟ್ಟಲುಗಳನ್ನು ಒಂದೊಂದಾಗಿ ಕೀಳುತ್ತಾಳೆ. ಅಪ್ಪನ ಕೂದಲು ಅಲ್ಲಲ್ಲಿ ಕೊಂಬಿನ ಹಾಗೆ ಎದ್ದು ನಿಂತಿದೆ. "ಬಿಸಿನೀರಿಗೆ ಹೋಗ್ತದ್ರಿ ಅಜ್ಜಾರ. ಆಮ್ಯಾಲ ಎಣ್ಣಿ ಹಚ್ಚ್ಕೊಳ್ರಿ."

"ಹೌದಲ್ಲ, ಎಣ್ಣೆ ಹಚ್ಲಿಲ್ವಾ ಇವತ್ತು?" ಎನ್ನುತ್ತಾರೆ ಅಪ್ಪ ನನ್ನತ್ತ ತಿರುಗಿ.

ಮಧ್ಯಾಹ್ನ ಮೂರಕ್ಕೆ ಡಾಕ್ಟರ್ ಮೇಡಂ ಬರುತ್ತಾರೆ. ಹಾಳೆಗಳನ್ನು ಮೌನವಾಗಿ ತಿರುವುತ್ತಾರೆ, ತೂಕಡಿಕೆಯ ಗುರುತು ಕಂಡ ಕಡೆ ದಾಟಿ ಹೋಗುತ್ತಾರೆ. "ಸ್ವಲ್ಪ ನಿಧಾನ ಇದೆ. ಕಿವಿಯ ಮೇಲಿನ ಭಾಗದಲ್ಲಿ ಥೀಟಾ ಜಾಸ್ತಿ. ಆದರೆ ಇದೊಂದನ್ನೇ ಹಿಡ್ಕೊಂಡು ಏನೂ ಹೇಳಕ್ಕಾಗಲ್ಲ." ಬಿ12 ಕಡಿಮೆಯಾದರೂ ನಿಧಾನವಾಗುತ್ತದೆ, ಚುಚ್ಚುಮದ್ದು ಕೊಟ್ಟರೆ ಸರಿಹೋಗುವುದೂ ಉಂಟು. ಥೈರಾಯ್ಡ್ ಇಳಿದರೂ ಅಷ್ಟೆ. ಮನಸ್ಸು ಕುಗ್ಗಿ ಮರೆವು ಬಂದಂತೆ ಕಾಣುವ ಹಿರಿಯರಲ್ಲಿ ಅಲೆ ಹೆಚ್ಚಾಗಿ ಸರಿಯಾಗಿರುತ್ತದೆ, ಆಗ ಇಇಜಿ ಒಂದು ಸಮಾಧಾನ. ಅಪ್ಪನಿಗೆ ಎಷ್ಟು ಭಾಷೆ ಬರುತ್ತದೆಂದು ಕೇಳುತ್ತಾರೆ. ಕನ್ನಡ, ತೆಲುಗು, ತಮಿಳು, ಹಿಂದಿ, ವಿಳಾಸ ಓದುವಷ್ಟು ಮರಾಠಿ. ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ ಸುವರ್ಣಾ ಅಲ್ಲಾಡಿ ಮತ್ತಿತರರು 2013ರಲ್ಲಿ ಬರೆದದ್ದನ್ನು ಹೇಳುತ್ತಾರೆ: ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಮರೆವಿನ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಶಾಲೆಗೆ ಹೋಗದವರಲ್ಲೂ. "ನಿಮ್ಮ ತಂದೆಗೆ ಕಾಯಿಲೆ ಇದ್ದರೆ, ಮೊದಲೇ ಶುರುವಾಗಿ ಈಗ ಕಾಣಿಸ್ತಿರಬಹುದು."

ಆಮೇಲೆ ಆಕೆ ಒಂದು ಪ್ರಶ್ನೆ ಕೇಳುತ್ತಾರೆ. "ಮುಂಚೆ ಯಾವಾಗಾದ್ರೂ ಇಇಜಿ ತೆಗೆಸಿದ್ರಾ?"

ಇಲ್ಲ. ಯಾರು ತೆಗೆಸುತ್ತಾರೆ? ಮನೆಯ ಬೀರುವಿನಲ್ಲಿ ಅಪ್ಪನ ಇಪ್ಪತ್ತು ವರ್ಷದ ಶುಗರ್ ರಿಪೋರ್ಟಿದೆ, ಬಿಪಿಯದಿದೆ, ಕನ್ನಡಕದ ಚೀಟಿ ಕೂಡ ಇದೆ. ನಲವತ್ತರಲ್ಲಿ ಅವರ ತಾಳ ಎಷ್ಟಿತ್ತೆಂಬುದಕ್ಕೆ ಚೂರು ಕಾಗದವಿಲ್ಲ. ಹನ್ನೊಂದಿದ್ದವರು ಒಂಬತ್ತಕ್ಕೆ ಇಳಿದರೆ ಯಾವ ಪುಸ್ತಕದ ಪ್ರಕಾರವೂ ಅವರು ಸರಿಯಾಗಿದ್ದಾರೆ, ಆದರೆ ಇಳಿದಿರುವುದಂತೂ ಹೌದು. ಎಂಟೂವರೆಯಿಂದ ಏಳೂವರೆಗೆ ಇಳಿದವರದು ಬೇರೆ ಕಥೆ. ಅಪ್ಪ ಯಾವುದರಿಂದ ಇಳಿದರು? ಇದು ಗೊತ್ತಾಗಬೇಕಾದರೆ ಚೆನ್ನಾಗಿದ್ದಾಗಲೇ ಅಳೆದಿಡಬೇಕಿತ್ತು. ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಅಂಥದೊಂದು ಕೆಲಸಕ್ಕೆ ಕೈಹಾಕಿದೆ: ನಲವತ್ತೈದು ದಾಟಿದ ಹತ್ತು ಸಾವಿರ ಜನರನ್ನು, ಇನ್ನೂ ಚೆನ್ನಾಗಿರುವಾಗಲೇ, ವರ್ಷಗಟ್ಟಲೆ ಬಿಡದೆ ನೋಡುತ್ತ ಹೋಗುವ ಗುರಿ. ಮಾವಿನ ಊರಿನ ರೈತರ ರಕ್ತ, ಜ್ಞಾಪಕಶಕ್ತಿ, ಮಿದುಳಿನ ಚಿತ್ರ. ಮೇಡಂ ಅದರ ಹೆಸರು ಹೇಳುತ್ತಿದ್ದಂತೆ ಅಪ್ಪ ತಲೆಯೆತ್ತುತ್ತಾರೆ.

"ಶ್ರೀನಿವಾಸಪುರ. ಐದು ಆರು ಮೂರು, ಒಂದು ಮೂರು ಐದು."

ಮೇಡಂ ಪೆನ್ನು ಕೆಳಗಿಟ್ಟು ಅಪ್ಪನನ್ನು ನೋಡುತ್ತಾರೆ. "ಒಂದು ವರ್ಷ ಬಿಟ್ಟು ಮತ್ತೆ ಮಾಡಿಸೋಣ," ಎನ್ನುತ್ತಾರೆ ನನಗೆ. "ಇವತ್ತಿಂದು ಜೋಪಾನವಾಗಿ ಇಟ್ಕೊಳ್ಳಿ. ಇನ್ಮುಂದೆ ಇದೇ ನಮ್ಮ ಅಳತೆಕೋಲು."

ಕೌಂಟರಿನಲ್ಲಿ ರಿಪೋರ್ಟನ್ನು ದೊಡ್ಡ ಕಂದು ಕವರಿಗೆ ಹಾಕಿ ಕೊಡುತ್ತಾರೆ. ಮೇಲೆ ಹೆಸರು, ವಯಸ್ಸು, ನಮ್ಮ ರಾಜಾಜಿನಗರದ ಮನೆಯ ವಿಳಾಸ, ತಾರೀಖು. ಅಪ್ಪ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಕನ್ನಡಕ ಮೇಲೆತ್ತಿ, ಕಿಟಕಿಯ ಬೆಳಕಿಗೆ ಹಿಡಿದು ಓದುತ್ತಾರೆ. ಕೈ ಕವರಿನ ಮೂಲೆಯನ್ನು ಹಿಡಿದ ರೀತಿಯೇ ಬೇರೆ, ಹೆಬ್ಬೆರಳು ಮೇಲೆ, ಎರಡು ಬೆರಳು ಕೆಳಗೆ, ಎಸೆಯಲು ಸಿದ್ಧ.

"ಪಿನ್ ಕೋಡ್ ಹಾಕಿಲ್ಲ ಇವ್ರು," ಎಂದು ಗೊಣಗುತ್ತಾರೆ. ಕೌಂಟರಿನ ದಾರಕ್ಕೆ ಕಟ್ಟಿದ ಪೆನ್ನು ಎಳೆದುಕೊಂಡು, ವಿಳಾಸದ ಕೆಳಗೆ ಆರು ಅಂಕಿಗಳನ್ನು ಒಂದೊಂದು ಚೌಕದಲ್ಲಿ ಕೂರಿಸಿದ ಹಾಗೆ ದುಂಡಗೆ ಬರೆಯುತ್ತಾರೆ.

572201. ತಿಪಟೂರು. ನಾವು ಬೆಂಗಳೂರಿಗೆ ಬಂದು ಹದಿನೈದು ವರ್ಷವಾಗಿದೆ. ಅಪ್ಪ ಬರೆದದ್ದನ್ನು ಒಮ್ಮೆ ಓದಿಕೊಂಡು, ಸರಿಯಿದೆ ಎನ್ನುವಂತೆ ತಲೆಯಾಡಿಸಿ, ಕವರನ್ನು ನನ್ನ ಕೈಗೆ ಕೊಡುತ್ತಾರೆ.